ಈ ವರ್ಷ ನಿಮ್ಮ ಮಗು ಏನು ಕಲಿಯಿತು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಒಂದು, ಎರಡು, ಮೂರನೇ ತರಗತಿ ಓದುತ್ತಿರುವ ಮಕ್ಕಳ ತಂದೆತಾಯಂದಿರಿಗೆ, ಅಜ್ಜಿ-ತಾತಂದಿರಿಗೆ ಹಾಗೂ ಎಸ್‌ಡಿಎಂಸಿ ಸದಸ್ಯರಿಗೆ



ನಮ್ಮ ಜಿಲ್ಲೆಯ ಹೆಸರು 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ನನ್ನ ಮಾತು ಮಾತ್ರ ಹಳೆಯ ನಾಲ್ಕು ತಾಲ್ಲೂಕುಗಳ ಲೆಕ್ಕದಲ್ಲೇ ಇದೆ. ಹಾರೋಹಳ್ಳಿ ಕಡೆಯವರೂ ಇದರಲ್ಲಿ ಸೇರಿದ್ದೀರಿ ಎಂದೇ ತಿಳಿಯಿರಿ.

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಯಿಂದ ಪ್ರಗತಿ ಪತ್ರ ಬರುತ್ತದೆ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ. ಒಂದೊಂದರ ಮುಂದೆಯೂ ಎ, ಬಿ ಪ್ಲಸ್, ಎ ಪ್ಲಸ್ ಎಂಬ ಗುರುತು. ನೀವು ಸಹಿ ಹಾಕುತ್ತೀರಿ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತೀರಿ. ಮಗು ಅದನ್ನು ವಾಪಸ್ ಒಯ್ಯುತ್ತದೆ. ಒಂದು ವರ್ಷದ ದುಡಿಮೆ ಅಲ್ಲಿಗೆ ಮುಗಿದುಹೋಗುತ್ತದೆ. ಆ ಒಂದು ಅಕ್ಷರದ ಹಿಂದೆ ಮಗುವಿನ ತಲೆಯಲ್ಲಿ ಏನೇನು ನಡೆಯಿತು ಎಂದು ಯಾರೂ ನಿಮಗೆ ಬಿಡಿಸಿ ಹೇಳುವುದಿಲ್ಲ, ನೀವೂ ಕೇಳುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಮಗು ಏನು ಕಲಿಯಿತು ಎಂಬುದನ್ನು ನೀವೇ ನೋಡಬಲ್ಲಿರಿ. ಅದಕ್ಕೆ ನೀವು ಓದಿರಲೇಬೇಕೆಂದಿಲ್ಲ. ನೋಡಲು ಕಲಿತರೆ ಶಾಲೆ ಚೆನ್ನಾಗಿ ನಡೆದಿರುವಲ್ಲಿ ಮೆಚ್ಚಲೂ ಆಗುತ್ತದೆ, ನಡೆಯದಿರುವಲ್ಲಿ ಗಟ್ಟಿಯಾಗಿ ಕೇಳಲೂ ಆಗುತ್ತದೆ.

ಸಣ್ಣ ತರಗತಿಗಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಒಂದೇ: "ಏನ್ ಮೇಡಂ, ಹೋಮ್‌ವರ್ಕೇ ಕೊಡಾಕಿಲ್ವಾ? ಬರೀ ಆಟ ಆಡ್ಕೊಂಡು ಬತ್ತಾವೆ." ಕೇಳಿದವರ ತಪ್ಪಿಲ್ಲ. ಪಕ್ಕದ ಮನೆಯ ಮಗು ಕಾನ್ವೆಂಟ್ ವ್ಯಾನ್ ಇಳಿದು ಬರುವಾಗ ಅದರ ಬೆನ್ನ ಮೇಲೆ ಪುಸ್ತಕದ ಮೂಟೆ ಇರುತ್ತದೆ, ರಾತ್ರಿ ಒಂಬತ್ತರವರೆಗೆ ಬರೆಯುವ ಕೆಲಸ ಇರುತ್ತದೆ. ನಮ್ಮ ಮಗುವಿನ ಚೀಲ ಹಗುರ. ಹಗುರವಾದ ಚೀಲ ನೋಡಿದರೆ ಕಲಿಕೆಯೂ ಹಗುರ ಎಂದು ಅನ್ನಿಸಿಬಿಡುತ್ತದೆ. ಆದರೆ ಆರು, ಏಳು, ಎಂಟು ವರ್ಷದ ಮಗುವಿನ ಕಲಿಕೆ ನೋಟ್‌ಬುಕ್ಕಿಗಿಂತ ಮೊದಲು ಕಿವಿ, ಬಾಯಿ, ಕಣ್ಣು, ಕೈಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೋಟ್‌ಬುಕ್ಕಿಗೆ ಬರುವುದು ಅದರ ಕೊನೆಯ ಪಾಲು.

ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ನಡೆದು ಬಂದಿರುವುದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ಆಂಧ್ರದ ರಿಷಿವ್ಯಾಲಿಯಲ್ಲಿ ಹಳ್ಳಿ ಶಾಲೆಗಳಿಗಾಗಿ ನಡೆದ ಕೆಲಸವನ್ನು ಕಣ್ಣಾರೆ ಕಂಡು ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಕೂತು ಇದರ ಕಲಿಕಾ ಕಾರ್ಡುಗಳನ್ನು ಕಟ್ಟಿದರು. 2009-10ರಿಂದ ಇಡೀ ರಾಜ್ಯಕ್ಕೆ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಒಂದು ಗುಂಪು ಶಿಕ್ಷಕರ ಜೊತೆ, ಒಂದು ಗುಂಪು ಗೆಳೆಯರ ಸಹಾಯದಿಂದ, ಇನ್ನೊಂದು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ. ಕಲಿಯಬೇಕಾದ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲು ನೋಡಿಕೊಂಡು ಆ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕಾರ್ಡುಗಳ ಜೊತೆಗೆ ಅಭ್ಯಾಸ ಪುಸ್ತಕಗಳೂ ಬಂದಿವೆ. ಕೋಣೆಯ ಗೋಡೆಗಳ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಕ್ಕಳಿಗೆ ಬರೆಯಲು ಜಾಗ ಮಾಡಿರುತ್ತಾರೆ. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳು ಬರೆದದ್ದು, ಕತ್ತರಿಸಿದ್ದು, ಬಿಡಿಸಿದ್ದನ್ನೆಲ್ಲ ತೂಗುಹಾಕಿರುತ್ತಾರೆ, ಅದಕ್ಕೆ ಚಪ್ಪರ ಎನ್ನುತ್ತಾರೆ. ಶಾಲೆಗೆ ಹೋದಾಗ ಆ ಚಪ್ಪರದಲ್ಲಿ ನಿಮ್ಮ ಮಗುವಿನದು ಯಾವುದು ಎಂದು ಕೇಳಿ.

ಈಗ ಕನ್ನಡಕ್ಕೆ ಬರೋಣ. ನಿಮ್ಮ ತಳಮಳ ಹೆಚ್ಚು ಇರುವುದು ಇಲ್ಲಿಯೇ. "ಜೂನ್‌ನಲ್ಲಿ ಸೇರಿಸಿದೆವು, ದಸರಾ ಬಂದರೂ ಅ ಆ ಇ ಈ ಪೂರ್ತಿ ಹೇಳಲ್ಲ" ಎನ್ನುತ್ತೀರಿ. ಮಗು ಕಲಿಯುತ್ತಿರುವ ಸಾಲೇ ಬೇರೆ. ನೀವು ನಾವು ಕಲಿತಂತೆ ಸ್ವರ, ವ್ಯಂಜನ ಎಂದು ಸಾಲಾಗಿ ಬಾಯಿಪಾಠ ಮಾಡಿಸದೆ, ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ, ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳಿಂದ ನಲಿ-ಕಲಿ ಶುರುಮಾಡುತ್ತದೆ. ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಮಗು ಸರ, ದರ, ಅರಸ, ಅಗಸ, ಗರಗಸ, ದಸರ ಎಂದು ಓದಬಲ್ಲದು. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ಜನ, ಮಗ, ನಗರ, ಬಸವ ಬರುತ್ತವೆ. ವರ್ಣಮಾಲೆಯ ನಲವತ್ತೊಂಬತ್ತನ್ನೂ ಕಂಠಪಾಠ ಮಾಡಿ ಒಂದು ಪದವನ್ನೂ ಓದಲಾಗದ ಮಗುವಿಗಿಂತ, ಹತ್ತೇ ಅಕ್ಷರದಲ್ಲಿ ಇಪ್ಪತ್ತು ಪದ ಓದುವ ಮಗು ಮುಂದಿದೆ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಮನೆಯಲ್ಲಿ ಪರೀಕ್ಷಿಸಲು ನಮ್ಮ ಊರುಗಳ ಹೆಸರೇ ಸಾಕು. ಬಸ್‌ಸ್ಟ್ಯಾಂಡಿಗೆ ಹೋದಾಗ ಬೋರ್ಡು ತೋರಿಸಿ. ಮೇಲೆ ಹೇಳಿದ ಹತ್ತು ಅಕ್ಷರಗಳ ಜೊತೆ ದೀರ್ಘದ ಗುರುತೊಂದು ಬಂದರೆ ಮಗು ರಾಮನಗರ ಎಂದು ಓದುತ್ತದೆ. ಡ ಅಕ್ಷರ, ಗುಡಿಸು ಬಂದರೆ ಮಾಗಡಿ. ಕ, ಪ, ಕೊಂಬು ಬಂದರೆ ಕನಕಪುರ. ಚನ್ನಪಟ್ಟಣಕ್ಕೆ ಮಾತ್ರ ಕಾಯಬೇಕು. ಅದರಲ್ಲಿ ಎರಡು ಒತ್ತಕ್ಷರ ಇವೆ, ಒತ್ತಕ್ಷರದ ಗಟ್ಟಿ ಕೆಲಸ ಆಗುವುದು ಎರಡನೇ ತರಗತಿಯಲ್ಲಿ. ಒಂದನೇ ತರಗತಿಯ ಮಗು ಏಪ್ರಿಲ್‌ನಲ್ಲಿ ರಾಮನಗರ, ಮಾಗಡಿ, ಕನಕಪುರದ ಬೋರ್ಡು ಓದಿದರೆ ವರ್ಷ ಚೆನ್ನಾಗಿ ಸಾಗಿದೆ ಎಂದು ತಿಳಿಯಿರಿ. ಎರಡನೇ ತರಗತಿ ಮುಗಿದಾಗ ಚನ್ನಪಟ್ಟಣದ ಬೋರ್ಡಿನ ಮುಂದೆ ತಡವರಿಸಬಾರದು.

ಮೊದಲೇ ಬರೆದಿಟ್ಟಿದ್ದನ್ನು ನೋಡಿ ಬರೆಯುವುದನ್ನು ಓದು-ಬರಹ ಎಂದು ದಯವಿಟ್ಟು ಎಣಿಸಬೇಡಿ. ಬೋರ್ಡಿನ ಮೇಲಿನ ಸಾಲನ್ನು ಮುತ್ತಿನಂತೆ ನೋಟ್‌ಬುಕ್ಕಿಗೆ ಇಳಿಸಿ, ಅದರಲ್ಲಿ ಏನಿದೆ ಎಂದು ಕೇಳಿದರೆ ಬಾಯಿ ಬಿಡದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅಂದದ ಅಕ್ಷರ ನೋಡಿ ತಾಯಿ ಸಂತೋಷಪಡುತ್ತಾಳೆ, ಮಗು ಸಿಕ್ಕಿಬೀಳುವುದು ನಾಲ್ಕನೇ ತರಗತಿಯಲ್ಲಿ. ನಿಜವಾಗಿ ಬರೆಯಲು ಬಂತೋ ಇಲ್ಲವೋ ತಿಳಿಯಬೇಕಾದರೆ ಪುಸ್ತಕದಲ್ಲಿಲ್ಲದ ಪದ ಹೇಳಿ ಬರೆಸಿ. ನಿಮ್ಮ ಹಸುವಿನ ಹೆಸರು ಬರೆಸಿ, ಅತ್ತೆಯ ಊರಿನ ಹೆಸರು ಬರೆಸಿ. ತಪ್ಪು ಬರೆದರೂ ಬೈಯಬೇಡಿ. ಕೇಳಿದ ಸದ್ದನ್ನು ಅಕ್ಷರಕ್ಕಿಳಿಸಲು ಮಗು ಪ್ರಯತ್ನಪಟ್ಟಿದ್ದರೆ ಅದು ಸರಿಯಾದ ದಾರಿಯಲ್ಲಿದೆ.

ಹಸು ಎಂದು ಬರೆಯಬೇಕಾದಲ್ಲಿ ಮಗು ಅಸು ಎಂದು ಬರೆದರೆ ಅದಕ್ಕೂ ಕಾರಣ ಇದೆ. ನಮ್ಮ ಕಡೆ ಹಕಾರ ನಾಲಿಗೆಯಲ್ಲಿ ಇರುವುದಿಲ್ಲ. ಅಪ್ಪ, ಅವ್ವ, ಊರಿನ ದೊಡ್ಡವರೆಲ್ಲ ಅಸು, ಅಳ್ಳಿ, ಓಗು ಎಂದೇ ಆಡುತ್ತಾರೆ. ಮಗು ಕೇಳಿದ್ದನ್ನೇ ಬರೆಯಿತು. ಮನೆಮಾತನ್ನು ಕೀಳು ಎನ್ನದೆ ಪುಸ್ತಕದ ಮಾತನ್ನು ಇನ್ನೊಂದಾಗಿ ಕಲಿಸಿದರೆ ಎರಡನೇ ತರಗತಿಯ ಹೊತ್ತಿಗೆ ಹಕಾರ ತಾನಾಗಿ ಕೂರುತ್ತದೆ. ನಾಚಿಕೆಯಾಗುವಂತೆ ತಿದ್ದಿದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಿದ ಮಕ್ಕಳನ್ನು ಮತ್ತೆ ಮಾತಾಡಿಸುವುದು ಬಹಳ ಕಷ್ಟ. ರಾಮನಗರ, ಚನ್ನಪಟ್ಟಣದ ಉರ್ದು ಮಾತಿನ ಮನೆಗಳಿಂದ ಕನ್ನಡ ಶಾಲೆಗೆ ಬರುವ ಮಕ್ಕಳಿಗೂ, ಕಾಡಂಚಿನ ಇರುಳಿಗರ ಮಕ್ಕಳಿಗೂ, ತಮಿಳು ತೆಲುಗು ಮನೆಮಾತಿನ ಮಕ್ಕಳಿಗೂ ಈ ದೂರ ಇನ್ನೂ ಹೆಚ್ಚು. ಆ ಮಕ್ಕಳಿಗೆ ಮೊದಲ ವರ್ಷದ ಅರ್ಧ ಪಾಲು ಕಿವಿ ತೆರೆಯುವುದಕ್ಕೇ ಬೇಕು. ಅಂಥ ಮಗುವಿನ ಪ್ರಗತಿ ಪತ್ರದಲ್ಲಿ ಬಿ ಕಂಡರೆ, ಅದು ಹೊರಟ ಜಾಗ ಯಾವುದು ಎಂದು ನೆನೆದು ಅಳೆಯಿರಿ.

ಕೇಂದ್ರ ಸರ್ಕಾರ 2021ರ ಜುಲೈ 5ರಂದು ಆರಂಭಿಸಿದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು ಎಂಬ ಗುರಿ ಇಟ್ಟುಕೊಂಡಿತು. ಕನ್ನಡದ ಪದಗಳು ಉದ್ದ, ಒಂದೇ ಪದಕ್ಕೆ ಮೂರು ಪ್ರತ್ಯಯ ಅಂಟಿಕೊಂಡಿರುತ್ತವೆ. ಆದ್ದರಿಂದ ಮನೆಯಲ್ಲಿ ಗಡಿಯಾರ ಹಿಡಿದು ಕೂರಬೇಡಿ. ಮುಖ್ಯವಾದದ್ದು ಅರ್ಥಸಹಿತ ಎಂಬ ಮಾತು. ಮೂರನೇ ತರಗತಿಯ ಮಗುವಿಗೆ ಗೊತ್ತಿಲ್ಲದ ಸಣ್ಣ ಕಥೆಯೊಂದನ್ನು ಕೊಟ್ಟು ಓದಿಸಿ, ಪುಸ್ತಕ ಮುಚ್ಚಿ, ಏನಾಯಿತು ಹೇಳು ಎನ್ನಿ. ತನ್ನ ಮಾತಿನಲ್ಲಿ ಹೇಳಿದರೆ ಮೂರು ವರ್ಷದ ಕನ್ನಡ ದಕ್ಕಿದೆ.

ಗಣಿತದಲ್ಲಿ ನಮ್ಮ ಮಕ್ಕಳು ಬುದ್ಧಿವಂತರು, ಆದರೆ ಆ ಬುದ್ಧಿ ಕಾಗದದ ಮೇಲೆ ಬರುವುದಿಲ್ಲ. ಸಂತೆಯಲ್ಲಿ ಅಜ್ಜಿಯ ಪಕ್ಕ ಕೂತು ಸೊಪ್ಪಿನ ಕಟ್ಟು ಮಾರುವ ಹುಡುಗಿ ಐವತ್ತರ ನೋಟಿಗೆ ಚಿಲ್ಲರೆ ಸರಿಯಾಗಿ ಕೊಡುತ್ತಾಳೆ. ಅದೇ ಹುಡುಗಿ ಐವತ್ತರಲ್ಲಿ ಮೂವತ್ತೆರಡು ಕಳೆ ಎಂದರೆ ಇಪ್ಪತ್ತೆರಡು ಎಂದು ಬರೆಯುತ್ತಾಳೆ. ಸೊನ್ನೆಯಿಂದ ಎರಡು ಹೋಗುವುದಿಲ್ಲ ಎಂದು ಎರಡನ್ನೇ ಕೆಳಗಿಳಿಸಿರುತ್ತಾಳೆ. ಅವಳಿಗೆ ಕಳೆಯುವುದು ಗೊತ್ತು. ಹತ್ತರ ಕಟ್ಟೊಂದನ್ನು ಬಿಚ್ಚಿ ಬಿಡಿ ಮಾಡಿಕೊಳ್ಳಬೇಕು ಎಂಬುದು ಕಾಗದದ ಮೇಲೆ ಕಾಣಿಸಿಲ್ಲ. ಒಂದು, ಎರಡನೇ ತರಗತಿಗಳ ಗಣಿತದ ತಿರುಳು ಇಷ್ಟೇ: ಹತ್ತು ಬಿಡಿ ಸೇರಿದರೆ ಒಂದು ಹತ್ತು, ಹತ್ತು ಹತ್ತು ಸೇರಿದರೆ ಒಂದು ನೂರು, ಬೇಕಾದಾಗ ಬಿಚ್ಚಿಕೊಳ್ಳಬಹುದು. ನಿಪುಣ್ ಭಾರತ್ ಲೆಕ್ಕದಲ್ಲಿ ಒಂದನೇ ತರಗತಿಗೆ 99, ಎರಡಕ್ಕೆ 999, ಮೂರಕ್ಕೆ 9,999ರವರೆಗಿನ ಸಂಖ್ಯೆ ಓದಿ ಬರೆಯಬೇಕು. ದೊಡ್ಡ ಸಂಖ್ಯೆಗಿಂತ ಆ ಕಟ್ಟುವ ಬಿಚ್ಚುವ ಕೆಲಸ ದೊಡ್ಡದು. ಶಾಲೆಯಲ್ಲಿ ಕಡ್ಡಿಗಳ ಕಟ್ಟು ಮಾಡಿ ಕಲಿಸುತ್ತಾರೆ. ಮನೆಯಲ್ಲಿ ಹುಣಸೆ ಬೀಜ ಸಾಕು, ಅಳಿಗುಳಿ ಮಣೆ ಇದ್ದರೆ ಇನ್ನೂ ಒಳ್ಳೆಯದು. ಚೌಕಾಬಾರ ಆಡುವ ಮನೆಯ ಮಕ್ಕಳು ಕೂಡುವುದನ್ನು ಬೇಗ ಕಲಿಯುತ್ತಾರೆ.

ಎಣಿಕೆಯ ಹೆಸರುಗಳ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ. ಇಪ್ಪತ್ತು, ಆಮೇಲೆ ಒಂದು, ಇಪ್ಪತ್ತೊಂದು. ಬರೆಯುವ ಕ್ರಮದಲ್ಲೇ ಹೇಳುತ್ತೇವೆ. ಉರ್ದುವಿನಲ್ಲಿ ಇಕ್ಕೀಸ್, ಬಾಯೀಸ್ ಎಂದು ಬಿಡಿ ಮೊದಲು ಕೇಳುತ್ತದೆ, ಇಪ್ಪತ್ತೊಂಬತ್ತಕ್ಕೆ ಮೂವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ ಉಂತೀಸ್ ಬರುತ್ತದೆ. ಆ ಮನೆಯ ಮಗು 21ನ್ನು 12 ಎಂದು ಬರೆದರೆ ದಡ್ಡತನ ಎನ್ನಬೇಡಿ. ಕನ್ನಡದ ಮನೆಗಳಲ್ಲಿ ಈಗ ಬೇರೆಯೇ ತೊಡಕು: ಬೆಲೆಯನ್ನೆಲ್ಲ ಟ್ವೆಂಟಿ, ಫಿಫ್ಟಿ ಎಂದೇ ಆಡುತ್ತೇವೆ, ಮಗುವಿಗೆ ಶಾಲೆಯಲ್ಲಿ ಮೂವತ್ತೇಳು ಎಂದರೆ ಹೊಸ ಮಾತು ಕೇಳಿದಂತಾಗುತ್ತದೆ. ಮನೆಯಲ್ಲಿ ಕನ್ನಡದ ಎಣಿಕೆ ಉಳಿಸಿಕೊಳ್ಳಿ. ಮೂರನೇ ತರಗತಿಯ ಮಗುವನ್ನು ಹಾಲಿನ ಡೇರಿಗೆ ಜೊತೆಗೆ ಕರೆದೊಯ್ಯಿರಿ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ವಾರಕ್ಕೆ ಎಷ್ಟಾಯಿತು ಎಂದು ಅದರ ಕೈಯಲ್ಲೇ ಬರೆಸಿ. ಅಳತೆ, ಕೂಡುವಿಕೆ, ಗುಣಾಕಾರ ಎಲ್ಲ ಆ ಚೀಟಿಯಲ್ಲಿದೆ.

ಪರಿಸರ ಅಧ್ಯಯನದ ವಿಷಯ ನಾನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಾಲ್ಕು ವಿಷಯಗಳಲ್ಲಿ ಇದನ್ನು ನೀವು ಅತ್ಯಂತ ಹಗುರವಾಗಿ ಕಾಣುತ್ತೀರಿ. ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಇದು ಎಷ್ಟು ಹತ್ತಿರದ ವಿಷಯವೋ ಅಷ್ಟು ಬೇರೆ ಕಡೆ ಇರಲಾರದು.

ರೇಷ್ಮೆ ಹುಳುವನ್ನೇ ತೆಗೆದುಕೊಳ್ಳಿ. ಜೀವಚಕ್ರ ಎಂದು ಪುಸ್ತಕದಲ್ಲಿ ಚಿತ್ರ ಇರುತ್ತದೆ: ಮೊಟ್ಟೆ, ಹುಳು, ಕೋಶ, ಚಿಟ್ಟೆ. ನಗರದ ಮಗುವಿಗೆ ಅದು ಚಿತ್ರ ಮಾತ್ರ. ನಿಮ್ಮ ಮನೆಯಲ್ಲಿ ಚಾಕಿ ಹುಳು ತಂದು ಸೊಪ್ಪು ಹಾಕಿದ ದಿನದಿಂದ ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಒಯ್ಯುವವರೆಗೂ ಮಗು ಕಣ್ಣಾರೆ ನೋಡುತ್ತದೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುವುದು, ಜ್ವರ ಎದ್ದ ಮೇಲೆ ಹೊಸ ಚರ್ಮದಲ್ಲಿ ದೊಡ್ಡದಾಗುವುದು, ಕೊನೆಯ ಹಂತದಲ್ಲಿ ಹಗಲು ರಾತ್ರಿ ಎನ್ನದೆ ತಿನ್ನುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಇದೆಲ್ಲ ಆ ಮಗುವಿಗೆ ಗೊತ್ತು. ಆದರೆ ತರಗತಿಯಲ್ಲಿ ಜೀವಚಕ್ರ ಎಂದಾಗ ಅದೇ ಮಗು ಸುಮ್ಮನೆ ಕೂರುತ್ತದೆ, ಯಾಕೆಂದರೆ ಪುಸ್ತಕದಲ್ಲಿರುವುದೂ ತನ್ನ ಹುಳುಮನೆಯಲ್ಲಿರುವುದೂ ಒಂದೇ ಎಂದು ಅದಕ್ಕೆ ಯಾರೂ ಹೇಳಿಲ್ಲ. ಹೇಳುವ ಕೆಲಸ ಶಿಕ್ಷಕರದು ಹೌದು, ನಿಮ್ಮದೂ ಹೌದು. ಹುಳುಮನೆಯಲ್ಲಿ ಕೆಲಸ ಮಾಡುವಾಗ ಕೇಳಿ: ಎಷ್ಟನೇ ಜ್ವರ ಇದು? ಎಷ್ಟು ದಿನ ಆಯಿತು? ಎಷ್ಟು ತಟ್ಟೆ ಹುಳು ಇದೆ? ಗೂಡು ತೂಗಿ ಮಾರುವುದರಿಂದ ಚಿಟ್ಟೆಯನ್ನು ಮಕ್ಕಳು ನೋಡಿರುವುದೇ ಕಡಿಮೆ. ಎರಡು ಮೂರು ಗೂಡು ಬೇರೆ ಇಟ್ಟು ಕಾಯಲು ಹೇಳಿ. ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಹೊರಬಂದಾಗ ಪಾಠ ಪೂರ್ತಿಯಾಗುತ್ತದೆ.

ಇನ್ನೊಂದು ಮಾತು, ರೇಷ್ಮೆ ಸಾಕುವವರಿಗೇ ಚೆನ್ನಾಗಿ ಅರ್ಥವಾಗುವಂಥದ್ದು. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ನೀವು ಆಗ ಸೊಪ್ಪು ಹಾಕಿ ಕೆಡಿಸುವುದಿಲ್ಲ, ಅದರ ಪಾಡಿಗೆ ಬಿಡುತ್ತೀರಿ. ಮಗುವಿನ ಓದಿನಲ್ಲೂ ಅಂಥ ದಿನಗಳು ಬರುತ್ತವೆ. ತಿಂಗಳುಗಟ್ಟಲೆ ಒಂದೇ ಮೆಟ್ಟಿಲಲ್ಲಿ ನಿಂತಂತೆ ಕಾಣುತ್ತದೆ. ಆಮೇಲೆ ಒಂದು ವಾರದಲ್ಲಿ ಗುಣಿತಾಕ್ಷರವೆಲ್ಲ ಒಟ್ಟಿಗೆ ಬಂದುಬಿಡುತ್ತದೆ. ಆ ನಿಂತ ದಿನಗಳಲ್ಲಿ ಹೊಡೆದು ಬಡಿದು ಟ್ಯೂಷನ್ನಿಗೆ ಹಾಕಿ ಹೆದರಿಸಬೇಡಿ.

ಚನ್ನಪಟ್ಟಣದ ಮಕ್ಕಳಿಗೆ ಗೊಂಬೆ ಕೆಲಸ ಇದೆ. ಆಲೆ ಮರ ಯಾಕೆ, ಬೇರೆ ಮರ ಯಾಕಾಗದು? ಅರಗಿನ ಬಣ್ಣ ತಿರುಗುವ ಮರಕ್ಕೆ ಒತ್ತಿದಾಗ ಹೇಗೆ ಹಿಡಿಯುತ್ತದೆ? ಬುಗುರಿ ಯಾಕೆ ನಿಂತು ತಿರುಗುತ್ತದೆ? ಮರ, ಬಿಸಿ, ತಿರುಗಣೆ, ಆಕಾರ, ಎಲ್ಲ ಒಂದೇ ಕಾರ್ಖಾನೆಯಲ್ಲಿದೆ. ಮಗುವಿನ ಅಪ್ಪ ಗೊಂಬೆ ಕೆಲಸದವರಾಗಿದ್ದರೆ ಶಾಲೆಗೆ ಒಂದು ದಿನ ಅವರನ್ನು ಕರೆಸಿ ಮಾತಾಡಿಸಬೇಕು. ಅಪ್ಪನ ಕೈಕೆಲಸವೂ ಪಾಠ ಎಂದು ಮಗುವಿಗೆ ತಿಳಿಯಲಿ.

ರಾಮನಗರದ ಮಕ್ಕಳು ರಾಮದೇವರ ಬೆಟ್ಟವನ್ನು ದಿನಾ ನೋಡುತ್ತಾರೆ. ಅಲ್ಲಿ ಉದ್ದಕೊಕ್ಕಿನ ರಣಹದ್ದು ಇದ್ದುದರಿಂದಲೇ 2012ರಲ್ಲಿ ಅದನ್ನು ರಣಹದ್ದುಗಳ ಧಾಮ ಎಂದು ಘೋಷಿಸಿದರು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಿಂದ ಹದ್ದಿನ ಹೊಟ್ಟೆ ಸೇರಿ ಅದನ್ನು ಕೊಂದಿತು. 2006ರಲ್ಲಿ ದನಗಳಿಗೆ ಆ ಔಷಧಿ ನಿಷೇಧವಾಯಿತು. ಆಹಾರ ಸರಪಳಿ ಎಂಬುದನ್ನು ಇದಕ್ಕಿಂತ ಹತ್ತಿರದಿಂದ ಹೇಗೆ ಹೇಳುವುದು? ಮಾಗಡಿಯವರಿಗೆ ಸಾವನದುರ್ಗ ಇದೆ, ಹುಲಿಕಲ್ ಇದೆ. ಶಾಲೆಯ ಮೆಟ್ಟಿಲು ಹತ್ತದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ ತೀರಿಕೊಂಡರು. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಅವರು ಗಂಡನೊಡನೆ ನೀರು ಹೊತ್ತು ಬೆಳೆಸಿದ ಆಲದ ಮರಗಳ ಕೆಳಗೆ ಒಮ್ಮೆ ಮಕ್ಕಳನ್ನು ನಡೆಸಿಕೊಂಡು ಹೋಗಿ. ಗೇಣು, ಮೊಳ, ಮಾರು ಲೆಕ್ಕದಲ್ಲಿ ಮರದ ಸುತ್ತಳತೆ ತೆಗೆಸಿ, ಎಣಿಸಲು ಹೇಳಿ.

ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರ ತಾಲ್ಲೂಕುಗಳಲ್ಲಿ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ದಾರಿಯಲ್ಲಿ ಅದಕ್ಕೆ ಕೂಡುತ್ತದೆ. ಮೂರನೇ ತರಗತಿಯ ಮಗು ನೀರು ಎಂಬ ಪಾಠ ಓದುವಾಗ ಈ ನದಿಯ ಹೆಸರು ಬರದಿದ್ದರೆ ಆ ಪಾಠ ಅರ್ಧವೇ ಆಯಿತು. ಮನೆಯ ಬೋರ್‌ವೆಲ್ ಎಷ್ಟು ಅಡಿ, ತಾತನ ಕಾಲದ ಬಾವಿ ಎಷ್ಟು ಆಳ ಇತ್ತು ಎಂದು ನೀವು ಹೇಳಿ. ಆ ಎರಡು ಸಂಖ್ಯೆ ಶಿಕ್ಷಕರ ಬಳಿ ಇರುವುದಿಲ್ಲ, ನಿಮ್ಮ ಬಳಿಯೇ ಇರುವುದು.

ಇಂಗ್ಲಿಷ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಮೊದಲ ಎರಡು ವರ್ಷ ಅದು ಕೇಳುವ, ಆಡುವ ಭಾಷೆ: ಹಾಡು, ಹೆಸರು, ಬಾ ಹೋಗು ಕೂರು ಎಂಬ ಸಣ್ಣ ಮಾತು. ಎ ಬಿ ಸಿ ಡಿ ಬರೆಯುವುದು ಆಮೇಲಿನದು. ರೈಮ್ಸ್ ಹೇಳಿದ ಮಗುವಿಗೆ ಇಂಗ್ಲಿಷ್ ಬಂತು ಎಂದು ಮರುಳಾಗಬೇಡಿ, ಹೇಳದ ಮಗುವಿಗೆ ಬರುವುದೇ ಇಲ್ಲ ಎಂದೂ ಎದೆಗುಂದಬೇಡಿ. ಕನ್ನಡದಲ್ಲಿ ಓದಲು ಬಂದ ಮಗು ಇಂಗ್ಲಿಷ್ ಓದನ್ನು ಬೇಗ ಹಿಡಿಯುತ್ತದೆ. ಎರಡನೇ ತರಗತಿಯಲ್ಲಿ ಕನ್ನಡ ಇನ್ನೇನು ಕೂರುತ್ತಿದೆ ಎನ್ನುವಾಗ ಕಿತ್ತು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಅಭ್ಯಾಸ ನಮ್ಮ ಊರುಗಳಲ್ಲಿ ಬೆಳೆದಿದೆ. ಅದರಿಂದ ಎರಡೂ ಕೈಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ. ಯಾವ ಶಾಲೆ ಎಂಬುದು ನಿಮ್ಮ ಆಯ್ಕೆ. ನಡುದಾರಿಯಲ್ಲಿ ಮಾತ್ರ ಬದಲಿಸಬೇಡಿ.

ಚಿತ್ರ ಬಿಡಿಸುವುದು, ಜೇಡಿಮಣ್ಣಿನಲ್ಲಿ ಮಾಡುವುದು, ಹಾಡು, ಕುಂಟೆಬಿಲ್ಲೆ, ಊಟಕ್ಕೆ ಸಾಲಾಗಿ ಕೂರುವುದು, ಕೈ ತೊಳೆಯುವುದು, ಎಲ್ಲ ಜಾತಿಯ ಮಕ್ಕಳೊಂದಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು: ಇವಕ್ಕೆ ಪ್ರಗತಿ ಪತ್ರದಲ್ಲಿ ದೊಡ್ಡ ಜಾಗ ಇಲ್ಲ. ಆರು ವರ್ಷದ ಮಗು ವರ್ಷದಲ್ಲಿ ಕಲಿಯುವ ದೊಡ್ಡ ಸಂಗತಿಗಳಲ್ಲಿ ಇವೂ ಸೇರಿವೆ.

ಇಷ್ಟೆಲ್ಲ ಆಗಬೇಕಾದರೆ ದಿನಗಳು ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಆ ಇನ್ನೂರರಲ್ಲಿ ನಿಮ್ಮ ಮಗು ಎಷ್ಟು ದಿನ ಶಾಲೆಯಲ್ಲಿತ್ತು? ಹುಳು ಕೊನೆಯ ಹಂತಕ್ಕೆ ಬಂದ ವಾರ, ಗೂಡು ಬಿಡಿಸುವ ದಿನ, ರಾಗಿ ಕೊಯ್ಲು, ಊರ ಹಬ್ಬ, ನೆಂಟರ ಮದುವೆ, ತಂಗಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂಬ ಕಾರಣ, ಹೀಗೆ ಎಷ್ಟೋ ಹೋಗುತ್ತವೆ. ನಲಿ-ಕಲಿಯಲ್ಲಿ ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರುಮಾಡಬಹುದು ಎಂಬುದು ನಿಜ. ಆದರೆ ಹೊಸದಾಗಿ ಕಲಿತ ಅಕ್ಷರ ವಾರಗಟ್ಟಲೆ ಕಣ್ಣಿಗೆ ಬೀಳದಿದ್ದರೆ ಮಾಸಿಹೋಗುತ್ತದೆ. ಕೂಲಿ ಸಿಗದ ಹೊತ್ತಿನಲ್ಲಿ ಮನೆಯವರೆಲ್ಲ ಸೊಪ್ಪು ಕೊಯ್ಯಬೇಕಾದ ಕಷ್ಟ ನನಗೆ ಗೊತ್ತು. ಶಾಲೆ ಬಿಟ್ಟು ಬಂದ ಮೇಲೆ ಸಂಜೆ ಒಂದು ಗಳಿಗೆ ಕೈಜೋಡಿಸಲಿ. ಮೂರನೇ ತರಗತಿಯವರೆಗಾದರೂ ಹಗಲು ಶಾಲೆಗೆ ಬಿಡಿ.

ಶಿಕ್ಷಕರ ದಿನಗಳ ಲೆಕ್ಕವನ್ನೂ ಕೇಳಬೇಕು. ಗಣತಿ, ಚುನಾವಣೆ, ಸಮೀಕ್ಷೆ ಎಂದು ಅವರನ್ನು ಕರೆಯುತ್ತಲೇ ಇರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ಮುಂದುವರಿಸಬೇಕಾಯಿತು. ಒಬ್ಬರೇ ಶಿಕ್ಷಕಿ ಇರುವ ಶಾಲೆಯಲ್ಲಿ ಅವರು ಮೀಟಿಂಗಿಗೆ ಹೋದ ದಿನ ಕಾರ್ಡು, ಏಣಿ ಏನಿದ್ದರೂ ಪಾಠ ನಡೆಯುವುದಿಲ್ಲ. ಇದನ್ನು ಶಿಕ್ಷಕಿ ಹೇಳಿದರೆ ದೂರು ಎನ್ನಿಸುತ್ತದೆ. ನೀವು ಹೇಳಿದರೆ ಬೇಡಿಕೆ.

ಆ ಬೇಡಿಕೆ ಇಡುವ ಅಧಿಕಾರ ನಿಮಗಿದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಎಸ್‌ಡಿಎಂಸಿ ಎನ್ನುವುದು ಇವನ್ನೇ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಮಂದಿ ಹೆಂಗಸರಿರಬೇಕು ಎಂದಾಯಿತು. ಆದರೆ ಎಸ್‌ಡಿಎಂಸಿ ಸಭೆ ಎಂದರೆ ಕಾಂಪೌಂಡು, ಪೇಂಟು, ಶೌಚಾಲಯ, ಧ್ವಜಾರೋಹಣದ ಸಿಹಿ, ಇಷ್ಟಕ್ಕೇ ಮುಗಿಯುತ್ತದೆ. ಅವೂ ಬೇಕು. ಮಕ್ಕಳು ಏನು ಕಲಿತರು ಎಂಬ ಮಾತು ಮಾತ್ರ ಎಷ್ಟೋ ಸಭೆಗಳಲ್ಲಿ ಬರುವುದೇ ಇಲ್ಲ. ಮುಂದಿನ ಸಭೆಯಲ್ಲಿ ಕೇಳಿ: ಒಂದನೇ ತರಗತಿಯ ಎಷ್ಟು ಮಕ್ಕಳು ಸರಳ ಪದ ಓದುತ್ತಾರೆ? ಎರಡನೆಯ ತರಗತಿಯಲ್ಲಿ ಒತ್ತಕ್ಷರ ಯಾರಿಗೆ ಬಂದಿಲ್ಲ, ಅವರಿಗೆ ಏನು ಮಾಡುತ್ತಿದ್ದೀರಿ? ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ತಿಂಗಳಿನಿಂದ ಒಂದೇ ಕಡೆ ನಿಂತಿರುವ ಮಕ್ಕಳು ಯಾರು? ಕೇಳುವಾಗ ಶಿಕ್ಷಕರನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ. ಒಳ್ಳೆಯ ಶಿಕ್ಷಕರಿಗೆ ಈ ಪ್ರಶ್ನೆ ಕೇಳುವವರು ಸಿಕ್ಕಿದರೆ ಆಗುವ ಸಂತೋಷ ಎಂಥದ್ದು ಎಂದು ನನಗೆ ಗೊತ್ತು.

ಸಮುದಾಯದತ್ತ ಶಾಲೆ ಎಂದು ಪೋಷಕರನ್ನು ಕರೆದು ಮಕ್ಕಳ ಕಲಿಕೆ ತೋರಿಸುವ ದಿನಗಳಿವೆ. ಅಂದು ಕೂಲಿ ಹೋಗುತ್ತದೆ ಎಂದು ಹೆಚ್ಚಿನವರು ಬರುವುದಿಲ್ಲ. ಅಪ್ಪ ಬರಲಾಗದಿದ್ದರೆ ಅವ್ವ ಬರಲಿ, ಇಬ್ಬರಿಗೂ ಆಗದಿದ್ದರೆ ಅಜ್ಜಿ ಬರಲಿ. ಓದಲು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಿದ್ದು ಅರ್ಥವಾದರೆ, ಮೊಮ್ಮಗಳಿಗೂ ಅರ್ಥವಾಗಿದೆ ಎಂದೇ ಲೆಕ್ಕ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ದಿನಕ್ಕೆ ಹತ್ತು ನಿಮಿಷ ಟಿವಿ, ಮೊಬೈಲು ಬದಿಗಿಟ್ಟು ಮಗುವಿನ ಪಕ್ಕ ಕೂತು ಅದು ಓದುವುದನ್ನು ಕೇಳಿ. ಹುಷಾರಿಲ್ಲದ ದಿನ ಬಿಟ್ಟರೆ ಉಳಿದ ದಿನ ಶಾಲೆ ತಪ್ಪಿಸಬೇಡಿ. ಮುಂದಿನ ಸಭೆಯ ತಾರೀಖು ಯಾವುದು ಎಂದು ನಾಳೆಯೇ ಮುಖ್ಯ ಶಿಕ್ಷಕರನ್ನು ಕೇಳಿ ಬರೆದಿಟ್ಟುಕೊಳ್ಳಿ, ಅಂದು ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.

ಇಂತಿ,
ನಿಮ್ಮ ಸೀಮೆಯ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ